ಕಂಬಳಿ ಹೊದ್ದ ವಿಮಾನ

ಗಡಿಯಲ್ಲಿ ಡ್ರೋನುಗಳು ಹಾರಾಡುತ್ತಿದ್ದ ಆ ದಿನಗಳಲ್ಲಿ ಟಿ.ವಿ. ನೋಡಿ ನೋಡಿ ನನ್ನ ಕಿವಿ ಕೆಟ್ಟಿತ್ತು. ಹೊನ್ನಾಳಿಯಲ್ಲಿ ಪಕ್ಕದ ಮನೆಯ ಮಿಕ್ಸಿ ಗುಂಯ್ ಎಂದರೂ ಕಿಟಕಿ ಮುಚ್ಚುತ್ತಿದ್ದೆ. ಬೇಹು ನೋಡುವ ಡ್ರೋನು ಯಾವುದು, ಬಾಂಬು ಹಾಕುವುದು ಯಾವುದು ಎಂದು ಊಟದ ನಡುವೆ ಹೆಂಡತಿಗೆ ಪಾಠ ಬೇರೆ. ಕೊನೆಗೆ ಅವಳೇ, "ಅಕ್ಕನ ಮನೆಗಾದ್ರೂ ಹೋಗ್ಬರ್ರಿ, ಅಲ್ಲಿ ಟಿ.ವಿ. ಕೆಟ್ಟೈತಂತೆ" ಎಂದು ನನ್ನನ್ನು ಜಗಳೂರು ಕಡೆಗೆ ಸಾಗಹಾಕಿದಳು.

ನಾನು ಹೋದ ಮರುದಿನ ಅಕ್ಕನ ಹೊಲದಲ್ಲಿ ಮೆಕ್ಕೆಜೋಳದ ಬಿತ್ತನೆ. ಮಳೆ ಬಿದ್ದು ಎರೆ ಭೂಮಿ ಹದಕ್ಕೆ ಬಂದಿತ್ತು. ಬಾಡಿಗೆಯ ಟ್ರ್ಯಾಕ್ಟರ್ ಕೂರಿಗೆ ಕಟ್ಟಿಕೊಂಡು ಬದುವಿನಲ್ಲಿ ನಿಂತಿತ್ತು. ಸಂಜೆಗೆ ಅದು ಬೇರೆ ಊರಿಗೆ ಹೋಗಬೇಕು. ಇವತ್ತು ತಪ್ಪಿದರೆ ಹದ ಆರಿಹೋಗುತ್ತದೆ. ಇಷ್ಟು ನೆಮ್ಮದಿಯ ಚಿಂತೆ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಬೀಜದ ಚೀಲ ಬಿಚ್ಚುತ್ತಿದ್ದೆ. ಆಕಾಶದಲ್ಲಿ ಹಳೇ ಬೈಕು ಕೆಮ್ಮಿದಂಥ ಸದ್ದು. ಎತ್ತಿನ ಗಾಡಿಯಷ್ಟು ದೊಡ್ಡ ಬೂದು ವಿಮಾನವೊಂದು ತೂರಾಡುತ್ತ ಬಂದು, ಹೊಲದ ನಡುವೆ ಹೊಟ್ಟೆ ಉಜ್ಜಿಕೊಂಡು, ರೆಕ್ಕೆ ತುಂಬ ಮಣ್ಣು ಮೆತ್ತಿಕೊಂಡು ನಿಂತಿತು. ಅಷ್ಟರಲ್ಲಿ ನಾನು ಟ್ರ್ಯಾಕ್ಟರಿನ ಕೆಳಗಿದ್ದೆ. ಹೇಗೆ ನುಸುಳಿದೆನೋ ಗೊತ್ತಿಲ್ಲ.

ಮಾವ, ಅಂದರೆ ಅಕ್ಕನ ಗಂಡ, ಅದರ ಸುತ್ತ ಒಂದು ಸುತ್ತು ಬಂದರು. "ಡ್ರೈವರೇ ಇಲ್ಲ ಕಣೇ. ಮ್ಯಾಲಿಂದ್ಲೇ ಜಿಗಿದಾನೆ. ಪಾಪ, ಎಲ್ಲಿ ಕಾಲು ಮುರಕಂಡು ಬಿದ್ದಾನೋ" ಎಂದು ನೀರಿನ ಬಾಟಲಿ ಹಿಡಿದು ಹಳ್ಳದ ಕಡೆ ಓಡಿದರು. ಇದಕ್ಕೆ ಡ್ರೈವರ್ ಇರುವುದೇ ಇಲ್ಲ ಎಂದು ನಾನು ಟ್ರ್ಯಾಕ್ಟರಿನ ಕೆಳಗಿಂದ ಕೂಗಿದ್ದು ಅವರಿಗೆ ಕೇಳಲಿಲ್ಲ.

ಅಕ್ಕ ಬಗ್ಗಿ ನೋಡಿದಳು. ಮೂತಿಯ ಕೆಳಗೆ ಗಾಜಿನ ಗುಡ್ಡೆ.

"ಕಣ್ಣು ಐತೆ ತಮ್ಮಾ. ನನ್ನೇ ನೋಡ್ತೈತೆ."

"ಕ್ಯಾಮೆರಾ ಅಕ್ಕ ಅದು. ಮುಟ್ಟಬ್ಯಾಡ."

"ಮುಟ್ಟಲ್ಲ ಬಿಡು" ಎಂದವಳು ಮಾವನದೊಂದು, ಟ್ರ್ಯಾಕ್ಟರಿನವನದೊಂದು, ಎರಡು ಕರಿ ಕಂಬಳಿ ತಂದು ಅದಕ್ಕೆ ಮೂತಿಯಿಂದ ಬಾಲದವರೆಗೆ ಹೊದಿಸಿಬಿಟ್ಟಳು. ನೆಂಟರನ್ನು ಮಲಗಿಸಿದ ಹಾಗೆ.

ಸ್ವಲ್ಪ ಹೊತ್ತಿಗೆ ಸಣ್ಣದೊಂದು ಡ್ರೋನು ಗುಂಯ್‌ಗುಡುತ್ತ ಬಂತು. ನಮ್ಮ ತಲೆಯ ಮೇಲೇ ಹಾದುಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಬಿದ್ದದ್ದನ್ನು ಹುಡುಕುತ್ತಿದೆ ಎಂದು ನನಗೆ ಹೊಳೆಯಿತು. ಕರಿ ಮಣ್ಣಿನಲ್ಲಿ ಕರಿ ಕಂಬಳಿ ಅದಕ್ಕೆ ಹೇಗೆ ಕಾಣಬೇಕು? ಇತ್ತ ಟ್ರ್ಯಾಕ್ಟರಿನವನು, "ನಾನು ಹೊಂಡ್ತೀನಿ ಅಕ್ಕಾರೆ, ಇದು ಬಗೆಹರಿಯಂಗೆ ಕಾಣಲ್ಲ" ಎನ್ನತೊಡಗಿದ.

"ಕಂಬಳಿ ಕಿತ್ತಾಕು ಹೋಗೋ, ನೋಡಿ ಒಯ್ಕಂಡು ಹೋಗ್ಲಿ" ಎಂದಳು ಅಕ್ಕ, ನನಗೆ.

"ಮೇಲಿಂದ ಬಾಂಬ್ ಹಾಕಿದ್ರೆ? ಬಿದ್ದ ಡ್ರೋನು ಯಾರ ಕೈಗೂ ಸಿಗಬಾರ್ದು ಅಂತ ಅವ್ರೇ ಸುಡ್ತಾರೆ. ಟಿ.ವಿ.ಯಾಗೆ ತೋರ್ಸಿದ್ರು."

"ಹದ ಆರ್ತೈತೆ ಕಣೋ."

ಓಡಿದೆ. ಒಂದು ಚಪ್ಪಲಿ ಮಣ್ಣಿನಲ್ಲಿ ಉಳಿಯಿತು. ಕಂಬಳಿ ಎಳೆದು ತಲೆಯ ಮೇಲೆ ಬೀಸುತ್ತ, "ಇಲ್ಲೈತ್ರೀ, ಇಲ್ಲೈತೆ" ಎಂದು ಕೂಗಿದೆ. ಎದೆ ಡವಗುಟ್ಟುತ್ತಿತ್ತು, ಆದರೆ ಅದು ಹೆದರಿಕೆಯದಲ್ಲ. ಗಾಳಿಪಟ ಮೊದಲ ಸಲ ಮೇಲೆದ್ದಾಗ ಆಗುತ್ತದಲ್ಲ, ಅಂಥದ್ದು. ಸಣ್ಣ ಡ್ರೋನು ಕೆಳಗಿಳಿದು ನನ್ನ ಮುಖದೆದುರು ನಿಂತಿತು. ಏನು ಮಾಡಬೇಕೋ ತೋಚದೆ ನಮಸ್ಕಾರ ಮಾಡಿದೆ.

ಆಮೇಲೆ ಜೀಪು, ಹಿಂದೆಯೇ ಲಾರಿ. ನಮ್ಮ ಸರ್ಕಾರದವರೇ ಹೊಸ ಡ್ರೋನು ಹಾರಿಸಿ ಪರೀಕ್ಷೆ ಮಾಡುತ್ತಿದ್ದರಂತೆ. ಕ್ಯಾಮೆರಾ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಜೀಪಿನಿಂದಿಳಿದ ಅಧಿಕಾರಿ ವಿವರಿಸುತ್ತಲೇ ಇದ್ದರು. ಅಕ್ಕ, "ಮಾತು ಆಮ್ಯಾಲೆ ಸಾಹೇಬ್ರೆ, ಮೊದ್ಲು ಎತ್ರಿ" ಎಂದಳು. ಎತ್ತಿದರು.

ಅಷ್ಟರಲ್ಲಿ ಮಾವ ಬೆವೆತು ಬಂದರು. "ಹಳ್ಳ ಪೂರ್ತಿ ನೋಡ್ದೆ. ನಿಮ್ಮ ಡ್ರೈವರ್ ಸಿಗ್ಲಿಲ್ಲ ಸಾಹೇಬ್ರೆ."

"ಅವರು ಆಫೀಸಿನಲ್ಲೇ ಇದ್ದಾರೆ ರೀ. ಅಲ್ಲಿಂದಲೇ ಓಡಿಸುತ್ತಿದ್ದದ್ದು."

ಮಾವ ನೀರಿನ ಬಾಟಲಿಯನ್ನು ಅಧಿಕಾರಿಯ ಕೈಗೆ ಕೊಟ್ಟು, "ಅವ್ರದ್ದು ಊಟ ಆಗೈತಾ?" ಎಂದರು.

ಟ್ರ್ಯಾಕ್ಟರ್ ಹೊರಟಿತು. ಬೀಜ ಸರಿಯಾಗಿ ಇಳಿಯುತ್ತಿದೆಯೇ ಎಂದು ಕೂರಿಗೆಯ ಹಿಂದೆ ನಡೆಯುತ್ತ ನೋಡುವ ಕೆಲಸ ನನ್ನದು. ವಿಮಾನ ಉಜ್ಜಿದ ಗೆರೆಯ ಮೇಲೂ ಜೋಳ ಬಿತ್ತು. ಒಂದೇ ಚಪ್ಪಲಿಯಲ್ಲಿ ನಡೆಯುತ್ತಿದ್ದ ನನಗೆ ಮತ್ತೆ ಮತ್ತೆ ಆಕಾಶದ ಕಡೆಗೇ ಕತ್ತು ಹೊರಳುತ್ತಿತ್ತು.

"ಕೆಳಗೆ ನೋಡೋ" ಎಂದಳು ಅಕ್ಕ.