ಆರ್ಡಿಸ್ ತಂದ ತಗಡಿನ ಕೋಳಿ

ಆರ್ಡಿಸ್ ಟಾಲೆಫ್ಸನ್ ಯಾರ ಬಳಿಯೂ ಏನನ್ನೂ ಬಾಯಿ ಬಿಟ್ಟು ಕೇಳಿದವಳಲ್ಲ. ಮಿನೆಸೋಟದ ನಮ್ಮ ಬೆಲ್‌ವಿಕ್ ಊರಿನ ಶಾಲೆಯ ಅಡುಗೆಮನೆಗೆ ಸೇರಿದಾಗ ಹುಡುಗಿ, ಬಿಟ್ಟಾಗ ಅಜ್ಜಿ. ಊರಿನ ಅರ್ಧ ಜನ ಅವಳು ಬಡಿಸಿದ ಆಲೂಗಡ್ಡೆ ತಿಂದೇ ಬೆಳೆದವರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಸಂಬಳ ಹೆಚ್ಚಿಸಿ ಎಂದವಳಲ್ಲ. ಗಂಡ ಲೈಲ್ ತೀರಿಕೊಂಡ ಚಳಿಗಾಲದಲ್ಲಿ ಸಹಾಯಕ್ಕೆ ಬಂದವರನ್ನೆಲ್ಲ "ಪರವಾಗಿಲ್ಲ ಬಿಡಿ, ನಂದೇನು ಮಹಾ ಕೆಲಸ" ಎಂದು ಹೇಳಿ ಕಳಿಸಿ, ಛಾವಣಿಯ ಹಿಮವನ್ನು ತಾನೇ ಗೋರಿ ಕೆಡವಿದಳು. ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ಅವಳನ್ನು ಬೈದುಕೊಂಡವಳು ನಾನು, ಲವೋನ್.

ಇಂಥವಳಿಗೂ ಒಂದು ಹುಚ್ಚಿತ್ತು. ಹಿಮ ಕರಗಿ ಬೇಸಿಗೆ ಬಂತೆಂದರೆ ನಮ್ಮ ಕಡೆ ಮನೆಮನೆಯವರೂ ಗ್ಯಾರೇಜಿನ ಬಾಗಿಲು ಎತ್ತಿ, ಮಡಿಸುವ ಮೇಜುಗಳನ್ನು ಬಿಡಿಸಿ, ಬೇಡವಾದ ಸಾಮಾನನ್ನೆಲ್ಲ ಮಾರಲಿಕ್ಕೆ ಹರಡುತ್ತಾರೆ. ಅದೇ ಗ್ಯಾರೇಜ್ ಸೇಲ್. ಹಿರಿಯರು ಹೋದ ಮನೆಯಾದರೆ ಮಂಚದಿಂದ ಸೌಟಿನವರೆಗೆ ಇಡೀ ಮನೆಯೇ ಮಾರಾಟಕ್ಕೆ, ಅದಕ್ಕೆ ಎಸ್ಟೇಟ್ ಸೇಲ್ ಎಂಬ ದೊಡ್ಡ ಹೆಸರು. ಶನಿವಾರ ಬೆಳಗಾದರೆ ಆರ್ಡಿಸ್ ಕಾರು ತೆಗೆದು ಇವೆರಡನ್ನೂ ಸುತ್ತುತ್ತಿದ್ದಳು. ಬಟ್ಟೆ, ಪಿಂಗಾಣಿ, ದೀಪ ಯಾವುದನ್ನೂ ಅವಳು ಕಣ್ಣೆತ್ತಿ ನೋಡುವವಳಲ್ಲ. ನೇರ ಹೋಗಿ ಹಳೆ ಆಟಿಕೆಯ ಡಬ್ಬಕ್ಕೆ ಕೈ ಹಾಕುವುದು. ಬುಗುರಿ, ಕಣ್ಣು ಮುಚ್ಚಿ ತೆಗೆಯುವ ಗೊಂಬೆ, ಕೀಲಿ ಕೊಟ್ಟರೆ ತಮಟೆ ಬಡಿಯುವ ಕರಡಿ, ಹೀಗೆ ಅವಳ ಮನೆಯ ಬಿಸಿಲುಕೋಣೆ ತುಂಬಿಹೋಗಿತ್ತು. ಎಪ್ಪತ್ತರ ಹೆಂಗಸಿಗೆ ಏಳರ ಹುಡುಗಿಯ ಕೋಣೆ ಎಂದು ನಾನು ಕಿಚಾಯಿಸುತ್ತಿದ್ದೆ.

ಆದರೆ ಅವಳು ಹುಡುಕುತ್ತಿದ್ದದ್ದು ಒಂದೇ ವಸ್ತುವನ್ನು. ಚಿಕ್ಕವಳಿದ್ದಾಗ ಅವಳ ಹತ್ತಿರ ಒಂದು ತಗಡಿನ ಕೋಳಿಯಿತ್ತು. ಬೆನ್ನ ಮೇಲೆ ಒತ್ತಿದರೆ ಕಾಲು ಮಡಿಸಿ ಕುಳಿತು, ಹಿಂದಿನಿಂದ ಬಿಳಿ ಗೋಲಿಯ ಮೊಟ್ಟೆಯೊಂದನ್ನು ಇಡುತ್ತಿತ್ತು. ಒಂದು ದಿನ ಅಮ್ಮ "ದೊಡ್ಡವಳಾದೆಯಲ್ಲ" ಎಂದು ಹೇಳಿ ಅದನ್ನು ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಟ್ಟಳು. ಮುಂದಿನ ವಾರ ಶಾಲೆಯಲ್ಲಿ ಇನ್ನೊಬ್ಬಳು ಅದೇ ಕೋಳಿಯಿಂದ ಮೊಟ್ಟೆ ಇಡಿಸುತ್ತಿದ್ದಳಂತೆ. ಅದು ನಂದು ಎಂದು ಆರ್ಡಿಸ್ ಹೇಳಲಿಲ್ಲ. ಅಮ್ಮನ ಹತ್ತಿರವೂ ಅಳಲಿಲ್ಲ. ಅವಳ ಮೊಮ್ಮಗಳು ಕಂಪ್ಯೂಟರಿನಲ್ಲಿ ಅಂಥದ್ದೇ ಕೋಳಿ ಹುಡುಕಿ, ತರಿಸಿಕೊಡಲೇ ಎಂದು ಕೇಳಿದ್ದಳು. "ಅಂಚೆಯಲ್ಲಿ ಬಂದ್ರೆ ಅದು ಬರೀ ಸಾಮಾನು ಕಣೇ. ಎದುರಿಗೆ ಸಿಗ್ಬೇಕು. ನಾನೇ ನೋಡಿ, ನಾನೇ ಎತ್ಕೋಬೇಕು" ಎಂದು ಆರ್ಡಿಸ್ ಒಪ್ಪಲಿಲ್ಲ.

ಆ ಜೂನ್ ತಿಂಗಳ ಒಂದು ಶನಿವಾರ ನಾನು ಮೊಮ್ಮಗನ ದೀಕ್ಷಾಸ್ನಾನಕ್ಕೆ ಹೋಗಿದ್ದೆ, ಅವಳೊಬ್ಬಳೇ ಸುತ್ತಲು ಹೋದಳು. ಸಂಜೆ ನನ್ನ ಅಡುಗೆಮನೆಯ ಬಾಗಿಲನ್ನು ಮೊಣಕೈಯಿಂದ ನೂಕಿಕೊಂಡು ಒಳಗೆ ಬಂದಳು. ಕೈಯಲ್ಲಿ ಕೋಳಿ.

"ಲವೋನ್, ನೋಡೇ! ಒತ್ತೇ! ಮೆಲ್ಲಗೆ!"

ಒತ್ತಿದೆ. ಮೊಟ್ಟೆ ಬಿತ್ತು. ಆರ್ಡಿಸ್ ಕುರ್ಚಿಯಲ್ಲಿ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಎಲ್ಲಿ ಸಿಕ್ತೇ?"

"ಟಾರ್ನಿಂಗ್ ಊರಲ್ಲಿ. ಬೀದಿ ತುಂಬ ಕಾರು ನಿಂತಿತ್ತು. ಗ್ಯಾರೇಜ್ ಬಾಗಿಲು ತೆಗೆದಿದ್ರು, ಮೇಜು ಹಾಕಿದ್ರು, ಅದರ ಮೇಲೆ ಹಳೇ ಫೋಟೋ, ಬೇಸ್‌ಬಾಲ್ ಗ್ಲೌಸು, ಅದರ ನಡುವೆ ನನ್ನ ಕೋಳಿ! ಬೆಲೆ ಚೀಟಿ ಇರ್ಲಿಲ್ಲ. ಆ ಮನೆಯಾಕೆನ ಎಷ್ಟಕ್ಕೆ ಕೊಡ್ತೀರಿ ಅಂದೆ. ಪಾಪ, ಸುಮ್ನೆ ನೋಡ್ತಾ ನಿಂತ್ರು. ಆಮೇಲೆ 'ನಿಮಗೆ ಎಷ್ಟು ಅನ್ಸುತ್ತೋ ಅಷ್ಟು' ಅಂದ್ರು. ನಾನು ತುಕ್ಕು ಹಿಡಿದಿದೆ ಅಂತ ತೋರಿಸಿ ಸ್ವಲ್ಪ ಇಳಿಸಿದೆ. ಎಂಥಾ ಒಳ್ಳೆ ಜನ ಅಂತೀಯ! ಬಂದೋರಿಗೆಲ್ಲ ಹ್ಯಾಮ್ ಇಟ್ಟ ಬನ್ನು, ಕಾಫಿ, ಸಿಹಿಗೆ ನಿಂಬೆಹಣ್ಣಿನ ಬಾರು. ನನಗೂ ಒಂದು ತಟ್ಟೆ ಕೊಟ್ರು. ಇನ್ನೊಂದು ಬಾರು ತಗೊಂಡೆ."

ಗ್ಯಾರೇಜ್ ಸೇಲಿಗೆ ಬಂದವರಿಗೆ ಯಾರಾದರೂ ಹ್ಯಾಮ್ ಬನ್ನು ಬಡಿಸುತ್ತಾರೆಯೇ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಅವಳ ಸಂತೋಷಕ್ಕೆ ಕಲ್ಲು ಹಾಕುವುದೇಕೆಂದು ಸುಮ್ಮನಾದೆ.

ಮಾರನೆಯ ದಿನ ಭಾನುವಾರ. ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಲೋಟ ಹಿಡಿದು ನಿಂತಿದ್ದೆವು. ದವಸದ ಮಂಡಿಯ ವೆಂಡೆಲ್ ನಮ್ಮ ಗುಂಪಿಗೆ ಬಂದ. ಅವನ ಬಾಯಿಗೆ ಒಂದು ಸುದ್ದಿ ಸಿಕ್ಕರೆ ಸಾಕು, ಉಪ್ಪು ಖಾರ ಹಚ್ಚಿ ಊರಿಗೆಲ್ಲ ಬಡಿಸುತ್ತಾನೆ.

"ಕೇಳಿದ್ರಾ? ನಿನ್ನೆ ಟಾರ್ನಿಂಗ್‌ನಲ್ಲಿ ನಮ್ಮ ಗಿರಾಕಿ ಸೆಲ್ಮರ್‌ನ ಮಣ್ಣು ಮಾಡಿ ಬಂದು ಅವನ ಮನೇಲೇ ಊಟಕ್ಕೆ ಕೂತಿದ್ರಂತೆ, ನನ್ನ ತಮ್ಮ ಹೋಗಿದ್ದ, ಅವನೇ ಹೇಳಿದ. ಗ್ಯಾರೇಜಲ್ಲಿ ಮಕ್ಕಳು ಅವನ ನೆನಪಿಗೆ ಅಂತ ಅವನ ಸಾಮಾನೆಲ್ಲ ಮೇಜಿನ ಮೇಲೆ ಜೋಡಿಸಿದ್ರಂತೆ. ಯಾರೋ ಒಬ್ಬಳು ಹೆಂಗಸು ಕಾರಿಂದ ಇಳಿದು ಬಂದ್ಳು ನೋಡಿ, ಸೀದಾ ಮೇಜಿಗೆ ಹೋಗಿ ಅವನ ಕೋಳಿ ಆಟಿಕೆ ಎತ್ಕೊಂಡು ಅವನ ಹೆಂಡತಿ ಇನೆಜ್ ಹತ್ರಾನೇ ಚೌಕಾಸಿ! ಗಂಡನ್ನ ಹೂತು ಇನ್ನೂ ಬಟ್ಟೆ ಬದಲಾಯ್ಸಿಲ್ಲ ಆಕೆ! ಎಲ್ರೂ ಬಾಯಿ ಬಿಟ್ಕೊಂಡು ನಿಂತಿದ್ರಂತೆ. ಬಾರು ಬೇರೆ ಎರಡು ತಿಂದ್ಳಂತೆ!"

"ಯಾರೂ ಏನೂ ಅನ್ಲಿಲ್ವಾ?" ಎಂದಳು ಒಬ್ಬಳು.

"ಏನಂತ ಅನ್ನೋದು? ಆ ಬಂದೋಳಿಗೆ ಬೇಜಾರಾಗಲ್ವಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಆರ್ಡಿಸ್‌ಳ ಕಡೆ ನೋಡಿದೆ. ಅವಳೂ ನಗುತ್ತಿದ್ದಳು. ಕತ್ತಿನಿಂದ ಕಿವಿಯವರೆಗೆ ಕೆಂಪಾಗಿ, ಎಲ್ಲರೂ ನಕ್ಕು ಮುಗಿಸಿದ ಮೇಲೂ ನಗುತ್ತಿದ್ದಳು. ಅವಳ ತೋಳು ಹಿಡಿದು ಹೊರಗೆ ಕರೆತಂದೆ.

"ಎಲ್ಲಾ ಫೋಟೋದಲ್ಲೂ ಅದೇ ಒಬ್ಬ ಗಂಡಸು ಇದ್ರು ಕಣೇ" ಎಂದಳು ಕಾರಿನ ಹತ್ತಿರ. "ಎಲ್ರೂ ಕಪ್ಪು ಬಟ್ಟೆ ಹಾಕಿದ್ರು. ನನಗೆ ಕಾಣ್ಲೇ ಇಲ್ಲ. ಸಾವಿನ ಮನೇಲಿ ನಿಂತು ತುಕ್ಕು ತೋರಿಸಿದೆನಲ್ಲೇ."

ಕೋಳಿಯನ್ನು ಇನೆಜ್‌ಗೆ ಹಿಂದಿರುಗಿಸುವುದೆಂದು ಅಲ್ಲೇ ನಿಶ್ಚಯವಾಯಿತು. ಮೆಟ್ಟಿಲ ಮೇಲೆ ಇಟ್ಟು, ಗಂಟೆ ಒತ್ತಿ ಓಡಿಬಂದುಬಿಡೋಣ ಎಂದಳು ಆರ್ಡಿಸ್. ಈ ಮಂಡಿ ಇಟ್ಟುಕೊಂಡು ನಾವು ಎಲ್ಲಿಗೆ ಓಡುವುದು ಎಂದು ನಾನು ಗದರಿಸಿದೆ. ಸೋಮವಾರ ಅವಳು ಮಾಂಸ, ಆಲೂಗಡ್ಡೆ ಹಾಕಿ ದೊಡ್ಡ ಬಟ್ಟಲಿನಲ್ಲಿ ಹಾಟ್‌ಡಿಶ್ ಬೇಯಿಸಿದಳು. ಸೂತಕದ ಮನೆಗೆ ಬರಿಗೈಯಲ್ಲಿ ಹೋಗುವವರು ನಮ್ಮಲ್ಲಿಲ್ಲ. ಕೋಳಿಯನ್ನು ಒರೆಸಿ, ಟವೆಲಿನಲ್ಲಿ ಸುತ್ತಿ ನನ್ನ ಮಡಿಲಿಗೆ ಕೊಟ್ಟು ಕಾರು ಓಡಿಸಿದಳು.

ಇನೆಜ್ ಬಾಗಿಲು ತೆಗೆದವರೇ ಗುರುತು ಹಿಡಿದರು. ಮುಖದಲ್ಲಿ ಮಾತ್ರ ಏನನ್ನೂ ತೋರಿಸಲಿಲ್ಲ. "ಬನ್ನಿ, ಬನ್ನಿ, ಕಾಫಿ ಕುಡೀರಿ" ಎಂದು ಒಳಗೆ ಕರೆದರು. ಸಣಕಲು ಹೆಂಗಸು, ಏಪ್ರನ್ನಿನ ಜೇಬಿನಲ್ಲಿ ಒಂದು ಕೈ. ಆರ್ಡಿಸ್ ಹಾಟ್‌ಡಿಶ್ ಅವರ ಮುಂದಿಟ್ಟು, ನಿಂತೇ ತಪ್ಪೊಪ್ಪಿಕೊಂಡಳು. ಅವಳ ಮಾತು ತೊದಲಿತು, ಎರಡೆರಡು ಸಲ ಮೊದಲಿನಿಂದ ಶುರುಮಾಡಿದಳು.

"ಅಯ್ಯೋ, ಅದೇನು ಮಹಾ" ಎಂದರು ಇನೆಜ್. "ಯಾರಿಗಾದ್ರೂ ಹಾಗೇ ಅನ್ಸುತ್ತೆ. ಮೇಜು ಹಾಕಿದ್ವಲ್ಲ."

ಆರ್ಡಿಸ್ ಟವೆಲು ಬಿಚ್ಚಿ ಕೋಳಿಯನ್ನು ಮೇಜಿನ ಮೇಲಿಟ್ಟಳು. "ದಯವಿಟ್ಟು ಇದನ್ನ ಇಟ್ಕೊಳ್ಳಿ."

"ಬೇಡ ಬೇಡ. ನೀವು ಕೊಂಡದ್ದು, ನಿಮ್ಮದೇ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಯಾರಾದರೂ ಏನಾದರೂ ಕೊಡಬಂದರೆ ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ ಬಲವಂತ ಮಾಡಿದಾಗ, "ಸರಿ, ಅಷ್ಟು ಹೇಳ್ತೀರಲ್ಲ" ಎಂದು ತೆಗೆದುಕೊಳ್ಳಬೇಕು. ಒಂದು ತುಂಡು ಕೇಕಿಗೂ ಇದೇ ನಡೆ. ಮೊದಲ ಸಲಕ್ಕೇ ಕೈ ಚಾಚುವವನು ಆಸೆಬುರುಕ. ಮೂರನೇ ಸಲ ಕೇಳದವನಿಗೆ ಕೊಡುವ ಮನಸ್ಸೇ ಇಲ್ಲ ಎಂದು ಅರ್ಥ. ಇದನ್ನು ಯಾರೂ ನಮಗೆ ಕೂರಿಸಿ ಕಲಿಸಿದ್ದಲ್ಲ, ತಾಯಿಹಾಲಿನ ಜೊತೆ ಬಂದದ್ದು.

ಕಾಫಿ ಬಗ್ಗಿಸುತ್ತ ಇನೆಜ್ ಕೋಳಿಯನ್ನೇ ನೋಡಿದರು. "ಸೆಲ್ಮರ್ ಚಿಕ್ಕವನಿದ್ದಾಗಿಂದ ಇತ್ತು. ಈ ಕಿಟಕೀಲೇ ಇಡ್ತಿದ್ದ. ಬೆಳಗ್ಗೆ ಎದ್ದು ಒತ್ತೋನು. 'ಇನೆಜ್, ಇವತ್ತೂ ಒಂದೇ ಮೊಟ್ಟೆ ಕಣೇ, ಹಂಚ್ಕೊಳ್ಳೋಣ' ಅನ್ನೋನು. ದಿನಾ ಅದೇ ಜೋಕು. ನನಗೆ ಸಾಕಾಗಿಹೋಗಿತ್ತು." ಅಷ್ಟು ಹೇಳಿ ನಕ್ಕರು. ಆಮೇಲೆ ಪಾತ್ರೆ ತೊಳೆಯುವ ಕಡೆ ತಿರುಗಿಕೊಂಡರು.

ಆರ್ಡಿಸ್ ಕೋಳಿಯನ್ನು ಸ್ವಲ್ಪ ಮುಂದೆ ತಳ್ಳಿದಳು. "ಇಟ್ಕೊಳ್ಳಿ ಇನೆಜ್. ಇಲ್ಲೇ ಇರ್ಬೇಕಾದ್ದು ಇದು."

"ಇಲ್ಲ, ನಿಮಗೆ ಅಷ್ಟು ಇಷ್ಟ ಆಯ್ತಲ್ಲ..." ಎಂದರು ಇನೆಜ್. ಬಾಯಿ ಬೇಡ ಎನ್ನುತ್ತಿತ್ತು. ಕೈ ಆಗಲೇ ಮೇಜಿನ ಅಂಚಿಗೆ ಬಂದಿತ್ತು, ಬೆರಳು ಬಿಡಿಸಿಕೊಂಡು.

ಇನ್ನೊಂದು ಮಾತು ಸಾಕಾಗಿತ್ತು. ನಾನು ಮೇಜಿನ ಕೆಳಗೆ ಆರ್ಡಿಸ್‌ಳ ಕಾಲು ಒದ್ದೆ. ಅವಳು ಕೋಳಿಯ ಕೆಂಪು ಜುಟ್ಟನ್ನೇ ನೋಡುತ್ತಿದ್ದಳು.

"ಹಾಗಾದ್ರೆ... ನಿಮ್ಮಿಂದ ತುಂಬ ಉಪಕಾರವಾಯ್ತು" ಎಂದು ಕೋಳಿಯನ್ನು ಎತ್ತಿಕೊಂಡಳು.

ಇನೆಜ್ ಕೈ ಹಿಂದೆಗೆದು ಏಪ್ರನ್ನಿನ ಜೇಬಿಗೆ ಸೇರಿಸಿದರು. ನಮ್ಮನ್ನು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು, ಜೋಪಾನವಾಗಿ ಹೋಗಿ, ರಸ್ತೆಗೆ ಜಿಂಕೆ ಅಡ್ಡ ಬರುತ್ತವೆ ಎಂದರು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಬಹಳ ದೂರ ಬಂದೆವು. ನನಗೆ ಕೋಪ ನೆತ್ತಿಗೇರಿತ್ತು. ನಾಲ್ಕು ಮಾತು ಅಂದುಬಿಡೋಣವೆಂದು ತಿರುಗಿದರೆ ಅವಳೇ ಕಾರಿನ ವೇಗ ಇಳಿಸಿದಳು.

"ಆಕೆ ಕೈ ಮುಂದೆ ಬಂದಿತ್ತಲ್ವಾ?" ಎಂದಳು.

"ಬಂದಿತ್ತು."

"ನೀನೂ ನೋಡಿದ್ಯಾ?"

"ನೋಡಿದೆ ಆರ್ಡಿಸ್. ಕುರುಡಿಗೂ ಕಾಣ್ತಿತ್ತು."

"ಶನಿವಾರದ್ದಾದ್ರೆ ಗೊತ್ತಿಲ್ದೆ ಮಾಡಿದ್ದು. ಇದು ಗೊತ್ತಿದ್ದೇ ಮಾಡಿದೆ. ನನಗೆ ಬೇಕಾಗಿತ್ತು ಲವೋನ್. ಅಷ್ಟೇ. ಆಕೆ ಹೇಳಿದ್ದನ್ನ ಕೇಳಿದ್ಮೇಲೂ ಬೇಕಾಗಿತ್ತು." ಅವಳು ಯಾರದೋ ಹೊಲದ ದಾರಿಗೆ ಕಾರು ನುಗ್ಗಿಸಿ, ಹಿಂದಕ್ಕೆ ತೆಗೆದು, ಟಾರ್ನಿಂಗ್ ಕಡೆ ತಿರುಗಿಸಿದಳು.

ಈ ಸಲ ನಾನು ಮೆಟ್ಟಿಲ ಕೆಳಗೇ ನಿಂತೆ. ಇನೆಜ್ ಬಾಗಿಲು ತೆರೆದರು. ಆರ್ಡಿಸ್ ಕೋಳಿಯನ್ನು ಎರಡೂ ಕೈಯಲ್ಲಿ ಚಾಚಿ, "ತಗೊಳ್ಳಿ" ಎಂದಳು.

ಇನೆಜ್ ಬೇಡ ಎನ್ನಲಿಲ್ಲ. ಕೋಳಿಯನ್ನು ತೆಗೆದುಕೊಂಡು ಎದೆಗೆ ಒತ್ತಿ ಹಿಡಿದರು. ಇನ್ನೊಂದು ಕೈಯಿಂದ ಏಪ್ರನ್ನಿನ ಜೇಬಿನಲ್ಲಿದ್ದ ಮಡಿಸಿದ ನೋಟನ್ನು ತೆಗೆದು ಆರ್ಡಿಸ್‌ಳ ಅಂಗೈಗೆ ಹಾಕಿದರು. ಶನಿವಾರ ಆರ್ಡಿಸ್ ಕೊಟ್ಟಿದ್ದ ನೋಟೇ ಅದು. ನಾವು ಮೊದಲು ಬಂದಾಗ ಆ ಕೈ ಜೇಬಿನಲ್ಲಿ ಯಾಕಿತ್ತೆಂದು ಆಗ ನನಗೆ ಅರ್ಥವಾಯಿತು.

"ಮೂರನೇ ಸಲ ಕೇಳ್ತೀರ ಅಂತ ಕಾದೆ" ಎಂದರು ಇನೆಜ್, ಮೆಲ್ಲಗೆ. ಬಾಗಿಲು ಹಾಕಿಕೊಂಡರು. ಕಾಫಿಗೆ ಕರೆಯಲಿಲ್ಲ. ನಮ್ಮ ಕಡೆ ಅಂಚೆಯವನನ್ನೂ, ಗಾಡಿ ಕೆಟ್ಟು ನಿಂತವನನ್ನೂ, ಮತ ಕೇಳಲು ಬಂದವನನ್ನೂ ಕಾಫಿಗೆ ಕರೆಯುತ್ತಾರೆ.

ಆರ್ಡಿಸ್ ಕಾರಿನಲ್ಲಿ ಕುಳಿತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಕೊಟ್ಟುಬಿಟ್ಟೆಯಲ್ಲ, ಇನ್ನು ಬಿಡು ಎಂದೆ. ಇನೆಜ್ ಸರಿಯಾಗೇ ಮಾಡಿದರು, ಸಮಾಧಾನ ಹೇಳಬೇಡ ಎಂದಳು.

ಶನಿವಾರದ ಸುತ್ತಾಟವನ್ನು ಅವಳು ಬಿಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ. ಬಿಡಲಿಲ್ಲ. ಆದರೆ ಈಗ ಮೇಜಿನಿಂದ ಒಂದು ಹೆಜ್ಜೆ ದೂರ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಮೊನ್ನೆ ಒಂದು ಮನೆಯ ಮುಂದೆ ಗ್ಯಾರೇಜ್ ಸೇಲ್ ಎಂಬ ಆಳೆತ್ತರದ ಫಲಕವಿತ್ತು, ಮೇಜಿನ ಮೇಲಿನ ಪ್ರತಿ ವಸ್ತುವಿಗೂ ಕಿತ್ತಳೆ ಬಣ್ಣದ ಬೆಲೆ ಚೀಟಿಯಿತ್ತು. ಆರ್ಡಿಸ್ ಒಂದು ಮರದ ಬಾತುಕೋಳಿಯನ್ನು ನೋಡಿ, ಕುರ್ಚಿಯಲ್ಲಿ ಕುಳಿತಿದ್ದ ಹೆಂಗಸನ್ನು ಕೇಳಿದಳು.

"ಇದು ಮಾರೋದಕ್ಕಾ?"

ಆಕೆ ಕಿಸಕ್ಕನೆ ನಕ್ಕಳು. "ಮತ್ತೆ ಪೂಜೆಗೆ ಇಟ್ಟಿದ್ದೀನಾ ಅಜ್ಜಿ? ಎತ್ಕೊಳ್ಳಿ."

ಆರ್ಡಿಸ್ ನಗಲಿಲ್ಲ. ಕೈ ಹಿಂದೆಯೇ ಇತ್ತು. "ನಿಮಗೆ ಬೇಡ ತಾನೆ?" ಎಂದು ಇನ್ನೊಮ್ಮೆ ಕೇಳಿದಳು. ಆ ಹೆಂಗಸಿನ ನಗು ನಿಂತಿತು. "ಬೇಡ" ಎಂದಳು. ಆರ್ಡಿಸ್ ಮತ್ತೂ ಒಮ್ಮೆ ಕೇಳಿದಳು.