ಬಸ್ಸಿನೊಳಗೆ ಬಿದ್ದ ಸಿರಿಮನೆ ಜಲಪಾತ

ಬಸ್ಸಿನಲ್ಲಿ ಕೂತೇ ಜಲಪಾತ ನೋಡಿದ್ದೀರಾ ಸ್ನೇಹಿತರೇ? ನಾನು ಇವತ್ತು ನೋಡಿ ಬಂದೆ, ಇನ್ನೂ ಮೈ ಉರಿಯುತ್ತಿದೆ.

ಶೃಂಗೇರಿಯಿಂದ ಹೊರಟ ಟೂರ್ ಬಸ್ಸು ಕಿಗ್ಗದಲ್ಲೇ ನಿಂತಿತು. "ಸಿರಿಮನೆಗೆ ಹೋಗೋಕೆ ಟೈಮಿಲ್ಲ, ಇಲ್ಲೇ ನೋಡ್ಬಿಡಿ" ಎಂದು ಗೈಡ್ ಬಸ್ಸಿನ ಟಿವಿಯಲ್ಲಿ ಜಲಪಾತದ ವಿಡಿಯೊ ಹಾಕಿದ!

ಜಲಪಾತದಲ್ಲಿ ಮೀಯಬೇಕೆಂದೇ ಮುತ್ತಿನಕೊಪ್ಪದಿಂದ ಬಂದಿದ್ದ ನನ್ನ ಚಿಕ್ಕಮ್ಮ ಟವೆಲು, ಒಣಸೀರೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ದಾರೀಲಿ ಆ ಜೇನುತುಪ್ಪದ ಅಂಗಡಿ ಮುಂದೆ ಬಸ್ಸು ಅಷ್ಟೊತ್ತು ನಿಲ್ಸೋಕೆ ಟೈಮಿತ್ತಾ?" ಎಂದು ಕೂಗಾಡಿದೆ.

"ಸಿಟ್ಟ್ಯಾಕೆ ಸಾರ್? ಹಿಂಗಾದ್ರೆ ಜಿಗಣೆ ಕಾಟನೂ ಇಲ್ಲ" ಎಂದ.

ಹಿಂದಿನ ಸೀಟಿನವರು ಟಿವಿ ಮುಂದೆ ನಿಂತು ಸೆಲ್ಫಿ ಬೇರೆ ತೆಗೆದುಕೊಂಡರು!

ಕೊನೆಗೆ ಚಿಕ್ಕಮ್ಮ ಎದ್ದುಹೋಗಿ ಟವೆಲನ್ನು ಗೈಡ್ ಕೈಗಿಟ್ಟರು. "ತಗೊ ಮಾರಾಯ, ಟಿವಿ ಒರೆಸು. ಪಾಪ, ಎಷ್ಟು ನೀರು ಬಿದ್ದಿದೆ ಅದ್ರ ಮೇಲೆ!"

ಆ ಪುಣ್ಯಾತ್ಮ ನಿಜವಾಗಿಯೂ ಒರೆಸಿದ.