ಸೂಜಿ ಹಾಕಿದವನು ನಾನು

ಭವ್ಯಾ, ನಿನ್ನ ಕಂಪ್ಯೂಟರನ್ನು ಕೆಡಿಸಿದವನು ನಾನು. ನೀನಲ್ಲ. ಇಷ್ಟು ಬರೆಯುವುದಕ್ಕೆ ನನಗೆ ಎಂಟು ವರ್ಷ ಬೇಕಾಯಿತು. ಈಗಲೂ, ನಿಮ್ಮಮ್ಮ ಅಡುಗೆಮನೆಯಿಂದ ಈಚೆ ಬಂದರೆ ಏನು ಗತಿ ಎಂದು ಕಾಗದಕ್ಕೆ ಕೈ ಅಡ್ಡ ಹಿಡಿದುಕೊಂಡೇ ಕೂತಿದ್ದೇನೆ.

ಆ ಭಾನುವಾರ ನಿನಗೆ ನೆನಪಿದೆ. ಆದರೆ ತಪ್ಪಾಗಿ ನೆನಪಿದೆ – ಹಾಗೆ ಮಾಡಿದವನೂ ನಾನೇ.

ಆಗ ನಾವು ಲಗ್ಗೆರೆಯ ಹಳೆಯ ಮನೆಯಲ್ಲಿದ್ದೆವು. ಪಕ್ಕದ ಮನೆಯ ಗೋಡೆ ನಮ್ಮ ಕಿಟಕಿಗೆ ಒಂದು ಗೇಣು ದೂರ. ಮಧ್ಯಾಹ್ನವೂ ಲೈಟು ಹಾಕಬೇಕಿತ್ತು. ನೀನು ಪಿಯುಸಿ ಮುಗಿಸಿದ್ದೆ. ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿ ಬಂದ ದುಡ್ಡಲ್ಲಿ, ಎರಡು ವರ್ಷ ಕಂಪ್ಯೂಟರಿನ ಒಂದೊಂದೇ ಭಾಗ ತಂದು, ಪೆಟ್ಟಿಗೆಗಳನ್ನು ಬೀರುವಿನ ಮೇಲೆ ಸಾಲಾಗಿ ಇಟ್ಟಿದ್ದೆ. ಜೋಡಿಸಿದ್ದನ್ನೇ ತಂದುಬಿಡೋಣ ಎಂದರೆ ಒಪ್ಪುತ್ತಿರಲಿಲ್ಲ. "ಇಲ್ಲಪ್ಪ, ನಾನೇ ಜೋಡಿಸ್ಬೇಕು" ಅನ್ನುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಓದಬೇಕು ಅನ್ನುವುದು ನಿನ್ನ ಆಸೆ. ಅದಕ್ಕೆ ಇದೇ ಮೊದಲ ಪರೀಕ್ಷೆ ಎಂದು ನೀನೇ ಅಂದುಕೊಂಡಿದ್ದೆ ಅಂತ ಕಾಣುತ್ತದೆ.

ಆ ಭಾನುವಾರ ಬೆಳಿಗ್ಗೆ ನೀನು ಸ್ನಾನ ಮಾಡಿ ಬಂದು, ಮದರ್‌ಬೋರ್ಡನ್ನು ಅದರ ರಟ್ಟಿನ ಮೇಲೆ ಇಟ್ಟು, ಪ್ರೊಸೆಸರನ್ನು ಅದರ ಗೂಡಿನಲ್ಲಿ ಕೂರಿಸಿ, ಸರಿಗೆಯ ಕೊಕ್ಕೆ ಒತ್ತಿ ಮುಚ್ಚಿದೆ. ನಾನು ಪಕ್ಕದಲ್ಲೇ ಇದ್ದೆ. ಎಷ್ಟು ಹಗುರವಾಗಿ ಕೂರಿಸಿದೆ ಎಂದರೆ, ಉಸಿರು ಬಿಗಿಹಿಡಿದಿದ್ದೆ ನೀನು. "ಇದರ ಅಡಿ ಸಾವಿರಕ್ಕಿಂತ ಜಾಸ್ತಿ ಪಿನ್ ಇದಾವೆ ಕಣಪ್ಪ. ಒಂದು ಬಗ್ಗಿದ್ರೂ ಆನ್ ಆಗಲ್ಲ" ಅಂದೆ. ಆಮೇಲೆ ಗೆಳತಿಯ ಮನೆಯಲ್ಲಿದ್ದ ಹಳೆಯ ಮಾನಿಟರ್ ತರಲು ಅಮ್ಮನ ಜೊತೆ ನಂದಿನಿ ಲೇಔಟಿಗೆ ಹೊರಟೆ. ಬಾಗಿಲ ಹತ್ತಿರ ತಿರುಗಿ ಹೇಳಿದೆ: "ಅಪ್ಪ, ನೀವು ಏನೂ ಮುಟ್ಬೇಡಿ, ಆಯ್ತಾ?"

ಆ ಮಾತು ನನಗೆ ಚುಚ್ಚಿತು. ಇಪ್ಪತ್ತನಾಲ್ಕು ವರ್ಷ ಪೀಣ್ಯದಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡಿದವನು ನಾನು. ಬೇರೆಯವರ ಕೈಯಲ್ಲಿ ಆಗದ ಜಾಬನ್ನು ಮೇಸ್ತ್ರಿ ನನ್ನ ಮುಂದೆ ತಂದಿಡುತ್ತಿದ್ದ. ಮುಟ್ಟಬೇಡಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಕುತೂಹಲಕ್ಕೆ ಮುಟ್ಟಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಲ್ಲ. ಹದಿನೆಂಟು ವರ್ಷದ ಮಗಳ ಕೈ ಮಾಡಿದ್ದನ್ನು ನನ್ನ ಕೈ ಮಾಡಲಾರದೇ ಎಂಬ ಹಟ – ಅಷ್ಟೇ.

ಕೊಕ್ಕೆ ಎತ್ತಿದೆ. ಪ್ರೊಸೆಸರನ್ನು ಎರಡು ಬೆರಳಲ್ಲಿ ತೆಗೆದೆ. ಕೆಳಗೆ ಪಿನ್ನುಗಳು ಹೊನ್ನಿನ ಬಣ್ಣದಲ್ಲಿ ಒತ್ತೊತ್ತಾಗಿ ನಿಂತಿದ್ದವು. ಹತ್ತಿರದಿಂದ ನೋಡಲು ಬಗ್ಗಿದೆ. ಬೆರಳಿನಿಂದ ಅದು ಜಾರಿತು. ಮೂಲೆ ಕೆಳಗಾಗಿ, ನೇರ ಪಿನ್ನುಗಳ ಮೇಲೆ. ಶಬ್ದ ಕೂಡ ಆಗಲಿಲ್ಲ.

ನಾಲ್ಕೈದು ಪಿನ್ನು ಮಲಗಿದ್ದವು. ಸರಿ ಮಾಡಿಬಿಡುತ್ತೇನೆ ಎಂದುಕೊಂಡೆ. ನಿಮ್ಮಮ್ಮ ಸೀರೆಗೆ ಫಾಲ್ಸ್ ಹೊಲಿಯುವ ಡಬ್ಬಿಯಿಂದ ಒಂದು ಸೂಜಿ ತಂದೆ. ಕನ್ನಡಕ ಹಾಕಿಕೊಂಡು, ಒಂದನ್ನು ಎತ್ತಲು ಹೋಗಿ ಪಕ್ಕದ ಎರಡನ್ನು ಮಲಗಿಸಿದೆ. ಅವನ್ನು ಎತ್ತಲು ಹೋದರೆ ಇನ್ನೂ ಮೂರು. ಬೆವರು ಬೋರ್ಡಿನ ಮೇಲೆ ಬೀಳುತ್ತದೆಂದು ಮುಖ ಆಚೆ ತಿರುಗಿಸಿ ಒರೆಸಿಕೊಂಡೆ. ಹೊರಗೆ ಗೇಟಿನ ಸದ್ದಾಯಿತು. ಪ್ರೊಸೆಸರನ್ನು ಮೊದಲಿದ್ದ ಹಾಗೇ ಇಟ್ಟು ಕೊಕ್ಕೆ ಒತ್ತಿದೆ. ನೀವು ಒಳಗೆ ಬಂದಾಗ ನಾನು ಪೇಪರ್ ಓದುತ್ತಿದ್ದೆ.

ನೀನು ಏನನ್ನೂ ಅನುಮಾನಿಸಲಿಲ್ಲ. ಫ್ಯಾನು ಕೂರಿಸಿದೆ, ಎಲ್ಲವನ್ನೂ ಡಬ್ಬದೊಳಗೆ ಬಿಗಿದೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ನೀನು ಬಟನ್ ಒತ್ತಿದೆ. ಫ್ಯಾನು ತಿರುಗಿತು. ಅಮ್ಮ ಕೈ ಮುಗಿದಳು. ಪರದೆ ಮಾತ್ರ ಕಪ್ಪಗೇ ಇತ್ತು.

ಆಮೇಲಿನ ನಾಲ್ಕು ಗಂಟೆ... ಅದನ್ನು ಹೇಗೆ ಬರೆಯಲಿ? ನೀನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ ಕ್ರಮದಲ್ಲೇ ಹೋದೆ. ಹಿಂದಿನ ಸ್ವಿಚ್ಚು ನೋಡಿದೆ. ಮಾನಿಟರಿನ ಕೇಬಲ್ ಬದಲಾಯಿಸಿದೆ. ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಎರಡರಲ್ಲಿ ಒಂದನ್ನೇ ಹಾಕಿ ನೋಡಿದೆ. ಆಚೆ ಗೂಡಿಗೆ ಹಾಕಿ ನೋಡಿದೆ. ಬೋರ್ಡಿನ ಬಟನ್ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. "ಅಪ್ಪ, ಟಾರ್ಚ್ ಹಿಡೀತೀರಾ?" ಅಂದೆ. ನಾನು ಹಿಡಿದೆ. ನಾನು ಮಾಡಿದ ತಪ್ಪನ್ನು ನೀನು ಹುಡುಕುತ್ತಿದ್ದೆ. ಬೆಳಕು ತೋರಿಸುತ್ತಿದ್ದವನು ನಾನು. ಒಂದೊಂದನ್ನು ನೀನು ಪಟ್ಟಿಯಲ್ಲಿ ಹೊಡೆದುಹಾಕಿದಾಗಲೂ ಆ ಕೊಕ್ಕೆಗೆ ಒಂದು ಹೆಜ್ಜೆ ಹತ್ತಿರ ಬರುತ್ತಿದ್ದೆ. "ಸ್ವಲ್ಪ ನೆಟ್ಟಗೆ ಹಿಡೀರಪ್ಪ, ಅಲ್ಲಾಡ್ತಿದೆ" ಅಂದೆ ಒಮ್ಮೆ. "ಇವತ್ತಿಗೆ ಸಾಕು, ಊಟ ಮಾಡು" ಎಂದು ನಾನು ಎರಡು ಸಲ ಹೇಳಿದೆ. ಅದು ನಿನ್ನ ಹಸಿವಿಗಾಗಿ ಹೇಳಿದ್ದಲ್ಲ.

ಕೊನೆಗೆ ನೀನು ಫ್ಯಾನು ಬಿಚ್ಚಿ, ಕೊಕ್ಕೆ ಎತ್ತಿ, ಒಳಗೆ ನೋಡಿದೆ. ಆಮೇಲೆ, ತಲೆ ಎತ್ತದೆ, "ಅಪ್ಪ, ನಾನೇ ಹಾಳು ಮಾಡಿದೀನಿ" ಅಂದೆ.

ಆಗ ಹೇಳಬಹುದಿತ್ತು. ಟಾರ್ಚು ಕೆಳಗಿಟ್ಟು ಒಂದು ಮಾತು. ಆದರೆ ನಾನು ನಿನ್ನ ತಲೆ ಸವರಿ "ಇರ್ಲಿ ಬಿಡಮ್ಮ, ಆಗುತ್ತೆ" ಅಂದೆ. ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿದೆ, ಭವ್ಯಾ. ನೀನು ನನ್ನ ಕೈ ಹಿಡಿದುಕೊಂಡು ಅತ್ತೆ.

ಅಷ್ಟಕ್ಕೇ ನಿಂತಿದ್ದರೆ... ನಿಲ್ಲಲಿಲ್ಲ.

ಮಾರನೆಯ ದಿನ ಬೋರ್ಡನ್ನು ವಿಜಯನಗರದ ಒಂದು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆವು. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ಹೇಳಿದ: "ಪಿನ್ ಮೇಲೆ ಏನೋ ಬಿದ್ದಿರೋದು ಒಂದ್ ಕಡೆ ಇರ್ಲಿ ಸಾರ್. ಆಮೇಲೆ ಯಾರೋ ಸೂಜಿ ಹಾಕಿ ಕೆದಕಿದಾರೆ. ಗೀರು ಕಾಣ್ತಿದೆ ನೋಡಿ."

ನೀನು ಅವನ ಮುಖ ನೋಡಿದೆ, ನನ್ನ ಮುಖ ನೋಡಿದೆ. "ನಾನು ಸೂಜಿ ಹಾಕಿಲ್ವಲ್ಲಪ್ಪ" ಅಂದೆ. ಮೆಲ್ಲಗೆ ಅಂದೆ, ಆದರೆ ಖಚಿತವಾಗಿ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಿನಗೇ ಹೊಳೆಯುತ್ತಿತ್ತು. ಹಿಂದಿನ ದಿನ ಮನೆಯಲ್ಲಿ ಒಬ್ಬನೇ ಇದ್ದವನು ಯಾರು ಎಂದು. ಆ ಭಯಕ್ಕೆ ನನ್ನ ಬಾಯಿಂದ ಆ ಮಾತು ಬಂತು:

"ಹಾಕಿರ್ತೀಯ ಕಣಮ್ಮ. ಗಾಬರೀಲಿ ಮರ್ತಿದೀಯ."

ನೀನು ಹುಬ್ಬು ಗಂಟಿಕ್ಕಿ ಯೋಚಿಸಿದೆ. ನಿನ್ನ ಕಣ್ಣಲ್ಲಿದ್ದ ಖಚಿತತೆ ಸ್ವಲ್ಪಸ್ವಲ್ಪವಾಗಿ ಹೋಗುವುದನ್ನು ನಾನು ನೋಡಿದೆ. "ಇರ್ಬೇಕು" ಅಂದೆ. ಅಪ್ಪ ಸುಳ್ಳು ಹೇಳುತ್ತಾನೆಂದು ನೀನು ಅಂದುಕೊಳ್ಳಲೇ ಇಲ್ಲ. ನಿನ್ನ ನೆನಪೇ ಸುಳ್ಳು ಎಂದುಕೊಂಡೆ.

ಅಂಗಡಿಯವನೇ ಬೇರೆ ಬೋರ್ಡ್ ಹಾಕಿ ಕಂಪ್ಯೂಟರ್ ಜೋಡಿಸಿ ಕೊಟ್ಟ. ಅದು ಚೆನ್ನಾಗಿಯೇ ನಡೆಯಿತು. ಆದರೆ ನೀನು ಅದರ ಮುಚ್ಚಳ ಮತ್ತೆಂದೂ ತೆಗೆಯಲಿಲ್ಲ. ಧೂಳು ಒರೆಸುವುದಕ್ಕೂ ಅಮ್ಮನನ್ನು ಕರೆಯುತ್ತಿದ್ದೆ. ಕಾಲೇಜಿನ ಅರ್ಜಿ ತುಂಬುವ ದಿನ ಬಂದು ಕೇಳಿದೆ: "ಎಲೆಕ್ಟ್ರಾನಿಕ್ಸ್ ಬೇಡ ಅಲ್ವಾಪ್ಪ? ಬಿಕಾಂ ತಗೊಳ್ಳಲಾ?" ನಾನು "ನಿನ್ನಿಷ್ಟ ಕಣಮ್ಮ" ಅಂದೆ. ನೀನು ಇನ್ನೂ ಏನೋ ಕೇಳಬೇಕೆಂದು ಸ್ವಲ್ಪ ಹೊತ್ತು ನಿಂತೇ ಇದ್ದೆ. ನಾನು ಟಿವಿ ಕಡೆ ತಿರುಗಿದೆ.

ನಿನ್ನ ಬದುಕು ಕೆಟ್ಟಿತೆಂದು ಹೇಳುತ್ತಿಲ್ಲ. ಲೆಕ್ಕಪತ್ರದ ಕೆಲಸ ಇದೆ, ಕೆಂಗೇರಿಯಲ್ಲಿ ಮನೆ ಇದೆ, ಗಂಡ ಒಳ್ಳೆಯವನು. ಹೀಗೆ ಹೇಳಿಕೊಂಡೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದು.

ಹೋದ ತಿಂಗಳು ನಿನ್ನ ಮನೆಗೆ ಬಂದಾಗ ನಿನ್ನ ನಾದಿನಿಯ ಸೀಮಂತದ ಫೋಟೋ ನೋಡಿ ಎಂದು ನೀನು ಫೋನು ಕೊಟ್ಟು ಒಳಗೆ ಹೋದೆ. ನಾನು ನೋಡುತ್ತಾ ನೋಡುತ್ತಾ ಹಳೆಯ ಫೋಟೋಗಳಿಗೆ ಹೋದೆ. ಬೀಗದ ಫೋಟೋ. ಗ್ಯಾಸ್ ಒಲೆ ಆರಿಸುವ ಗುಬುಟಿಯ ಫೋಟೋ. ಮತ್ತೆ ಬೀಗ. ದಿನಕ್ಕೊಂದರಂತೆ, ತಿಂಗಳುಗಟ್ಟಲೆ, ಅದೇ ಬಾಗಿಲು, ಅದೇ ಬೀಗ. ಕೇಳಿದಾಗ ನಕ್ಕೆ ನೀನು. "ಹಾಕಿದೀನಿ ಅಂತ ಗೊತ್ತಿರುತ್ತಪ್ಪ. ಆದ್ರೆ ನನ್ನ ನೆನಪನ್ನ ನಂಬೋಕಾಗಲ್ಲ. ಆಫೀಸಲ್ಲಿ ಕೂತು ಫೋಟೋ ನೋಡ್ಕೋತೀನಿ. ನಾನು ಮೊದಲಿಂದ್ಲೂ ಹೀಗೇ ಅಲ್ವಾ?"

ಕಾಫಿ ಲೋಟ ಹಿಡಿದುಕೊಂಡು ನಾನು ಹೂಂ ಅಂದೆ. ಹೂಂ ಅಂದೆ, ಭವ್ಯಾ – ಆಗಲೂ.

ಆವತ್ತಿನಿಂದ ಹೆದರಿಕೆ ಬೇರೆಯಾಗಿದೆ. ಇಷ್ಟು ದಿನ ನಿನಗೆ ಗೊತ್ತಾಗಿಬಿಟ್ಟೀತೆಂದು ಹೆದರುತ್ತಿದ್ದೆ. ಈಗ, ಹೇಳದೆ ನಾನು ಸತ್ತುಹೋದರೆ ನಿನಗೆ ಗೊತ್ತಾಗುವುದೇ ಇಲ್ಲವಲ್ಲ ಎಂದು.

ನೀನು ಮೊದಲಿಂದಲೂ ಹೀಗಿರಲಿಲ್ಲ. ಪ್ರೊಸೆಸರನ್ನು ನೀನು ಸರಿಯಾಗಿಯೇ ಕೂರಿಸಿದ್ದೆ. ನಾನು ಕಣ್ಣಾರೆ ನೋಡಿದ್ದೇನೆ. ಸೂಜಿಯನ್ನು ನೀನು ಮುಟ್ಟಲೇ ಇಲ್ಲ. ಆ ಅಂಗಡಿಯಲ್ಲಿ ನೀನು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು.

ನಾಳೆ ಬೆಳಿಗ್ಗೆ ಕೆಂಗೇರಿಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು ಎದ್ದು ಬಂದುಬಿಡಬೇಕೆಂದು ಆಸೆಯಿದೆ. ಹಾಗೆ ಮಾಡುವುದಿಲ್ಲ. ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಆಮೇಲೆ ನೀನು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಏನೂ ಕೇಳದೆ, ಎದ್ದು ಹೋಗಿ ಎಂದರೆ, ಎದ್ದು ಬರುತ್ತೇನೆ.